ಆವಲಪ್ಪ ಸೈಡ್ ಕೊಟ್ಟದ್ದು

ಆ ಕಾಲದಲ್ಲಿ ಚಿಂತಾಮಣಿ ಕಡೆಯ ಜನ ಬಸ್ಸನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ, ಡ್ರೈವರನ ಹೆಸರಿನಿಂದ ಕರೆಯುತ್ತಿದ್ದರು. ‘ಆವಲಪ್ಪ ಬಂದನಾ?’ ಅಂದರೆ ಆವಲಪ್ಪನ ಬಸ್ಸು ಬಂತಾ ಎಂದು ಅರ್ಥ. ‘ದಸ್ತಗಿರ್ ಹೋಗಿಬಿಟ್ಟ’ ಅಂದರೆ ಇನ್ನೊಂದು ಕಂಪನಿಯ ಬಸ್ಸು ಕೈತಪ್ಪಿತು ಎಂದು ಅರ್ಥ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಈ ಎರಡು ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ಹಿಂದಿನದು ಮುಂದಿನದನ್ನು ದಾಟಿದರೆ ದಾರಿಯ ಹಳ್ಳಿಗಳಲ್ಲಿ ಕಾದು ನಿಂತ ಜನವೆಲ್ಲ ಅದರ ಪಾಲು. ವ್ಯಾಪಾರಕ್ಕೆಂದು ಶುರುವಾದದ್ದು ಒಂದೆರಡು ವರ್ಷದಲ್ಲಿ ಪಂದ್ಯವಾಗಿತ್ತು.

ಆವಲಪ್ಪ ಮಂಚೇನಹಳ್ಳಿ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಹೊಲ ಗದ್ದೆ ಇತ್ತು, ಅದನ್ನು ನೋಡಿಕೊಳ್ಳಲು ಅಣ್ಣ ಬಯ್ಯಪ್ಪ ಇದ್ದ. ಯುದ್ಧದ ಕಾಲದಲ್ಲಿ ಆವಲಪ್ಪ ಮನೆಯಲ್ಲಿ ಹೇಳದೆ ಮಿಲಿಟರಿಗೆ ಸೇರಿ, ಬರ್ಮಾದ ಗಡಿಯ ಕೆಸರಿನಲ್ಲಿ ಲಾರಿ ಓಡಿಸುವುದನ್ನು ಕಲಿತು ಬಂದ. ಬಂದವನು ‘ನಾನಿನ್ನು ನೇಗಿಲ ಮೇಳಿ ಹಿಡಿಯೋನಲ್ಲ’ ಎಂದು ಅಣ್ಣನ ಎದುರಿಗೇ ಹೇಳಿದ. ಬಯ್ಯಪ್ಪ ‘ಆಗಲಿ’ ಎಂದನೇ ಹೊರತು ಆ ಮಾತನ್ನು ಮರೆಯಲಿಲ್ಲ. ಚಿಕ್ಕಬಳ್ಳಾಪುರದ ಚೆನ್ನರಾಯಪ್ಪ ಆಗ ತಾನೇ ಬಸ್ ಸರ್ವಿಸ್ ಶುರುಮಾಡಿದ್ದ. ಹುಡುಗನ ಕೈ ನೋಡಿ ಕೆಲಸ ಕೊಟ್ಟ. ವರ್ಷ ಕಳೆಯುವುದರೊಳಗೆ ತನ್ನ ಅಕ್ಕನ ಮಗಳು ವೆಂಕಟರತ್ನಮ್ಮನನ್ನು ಕೊಟ್ಟು ಮದುವೆಯನ್ನೂ ಮಾಡಿದ. ಬಸ್ಸು ನಿಲ್ಲುವ ಶೆಡ್ಡಿನ ಹಿಂದೆ ಒಂದು ಹೆಂಚಿನ ಮನೆ ಇತ್ತು, ಅದನ್ನೇ ಇರಲು ಕೊಟ್ಟ. ಕಂಡಕ್ಟರ್ ಮುನಿಶಾಮಪ್ಪ ವೆಂಕಟರತ್ನಮ್ಮನ ತಮ್ಮ. ಹೀಗೆ ಆವಲಪ್ಪನಿಗೆ ಯಜಮಾನ, ಮಾವ, ಮನೆಯೊಡೆಯ ಎಲ್ಲ ಒಬ್ಬನೇ ಆದ. ಮೊದಮೊದಲು ಅವನಿಗೆ ಅದು ಅದೃಷ್ಟವೆಂದೇ ತೋರಿತ್ತು.

ಸಂಜೆ ಬಸ್ಸು ಶೆಡ್ಡಿಗೆ ಬಂದಾಗ ಚೆನ್ನರಾಯಪ್ಪ ಬೆತ್ತದ ಕುರ್ಚಿಯಲ್ಲಿ ಕುಳಿತಿರುತ್ತಿದ್ದ. ಟೈರು, ಎಣ್ಣೆ, ಕಲೆಕ್ಷನ್ನು ಯಾವುದನ್ನೂ ಮೊದಲು ಕೇಳುತ್ತಿರಲಿಲ್ಲ.

“ಯಾರು ಮುಂದೆ?”

“ನಾವೇ ಮಾವ.”

“ಅಂಗಿರ್ಬೇಕು ನೋಡು!”

ಶಿಡ್ಲಘಟ್ಟದ ಮೋಟರ್ ಸ್ಟ್ಯಾಂಡಿನಲ್ಲಿ ಕೋನಪ್ಪನ ಹೋಟೆಲಿನ ಬೆಂಚುಗಳು ಎರಡು ಪಕ್ಷವಾಗಿ ಒಡೆದಿದ್ದವು. ರೇಷ್ಮೆ ಗೂಡಿನ ವ್ಯಾಪಾರಿಗಳು, ನೂಲು ತೆಗೆಯುವ ರೀಲಿಂಗ್ ಕೆಲಸದವರು ದಸ್ತಗಿರ್ ಪಕ್ಷ. ಆಲೂಗಡ್ಡೆ ಬೆಳೆಯುವವರು, ಕೋರ್ಟು ಕಚೇರಿಗೆ ಬರುವ ಹಳ್ಳಿಯವರು ಆವಲಪ್ಪನ ಪಕ್ಷ. ದಸ್ತಗಿರ್ ಶಿಡ್ಲಘಟ್ಟದವನೇ. ತೆಳ್ಳಗೆ ಎತ್ತರವಾಗಿದ್ದ, ಸ್ಟೇರಿಂಗ್ ಹಿಂದೆ ನೆಟ್ಟಗೆ ಕೂರುತ್ತಿದ್ದ. ಮಳೆಯಲ್ಲಿ, ಮಂಜಿನಲ್ಲಿ ಅವನ ಸಮ ಯಾರೂ ಇಲ್ಲ ಎನ್ನುತ್ತಿದ್ದರು. ತಿರುವು ಮುರುವಿನಲ್ಲಿ ಆವಲಪ್ಪನ ಸಮ ಯಾರೂ ಇಲ್ಲ ಎನ್ನುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದನ್ನು ಕಂಡವರಿಲ್ಲ.

ಒಂದು ಶ್ರಾವಣದ ಬೆಳಿಗ್ಗೆ ಅದು ಆಯಿತು. ಆಯಿತು ಎನ್ನುವುದಕ್ಕೆ ಏನೂ ಆಗಲಿಲ್ಲ. ಶಿಡ್ಲಘಟ್ಟ ದಾಟಿದ ಮೇಲೆ ಒಂದು ಕೆರೆ ಏರಿ, ಅದರ ಮೇಲೆಯೇ ರಸ್ತೆ. ಏರಿಗೆ ಹತ್ತುವ ಮೊದಲು ದಸ್ತಗಿರ್‌ನನ್ನು ದಾಟಬೇಕೆಂದು ಆವಲಪ್ಪ ಗಾಡಿ ಬಿಟ್ಟಿದ್ದ. ಜನ ಸೀಟಿನಿಂದ ಎದ್ದು “ಹೊಡಿ ಆವಲಪ್ಪಾ! ಬಿಡಬ್ಯಾಡ!” ಎಂದು ಕೂಗುತ್ತಿದ್ದರು. ದಾಟಿದ. ದಾಟಿ ಮುಗಿಯುವಷ್ಟರಲ್ಲಿ ಏರಿ ಹತ್ತಿಯಾಗಿತ್ತು; ಬಲಗಡೆಯ ಹಿಂದಿನ ಚಕ್ರ ಏರಿಯ ಅಂಚಿನ ಸಡಿಲು ಮಣ್ಣನ್ನು ತುಳಿದು, ಗಾಡಿಯ ಹಿಂಭಾಗ ಒಂದು ಸಲ ನೀರಿನ ಕಡೆಗೆ ವಾಲಿ ಮತ್ತೆ ನೆಟ್ಟಗಾಯಿತು. ಅದು ಅವನೊಬ್ಬನಿಗೆ ಗೊತ್ತಾಯಿತು. ಅಭ್ಯಾಸದಂತೆ ಕನ್ನಡಿ ನೋಡಿದ. ಕೂಗುವ ಬಾಯಿಗಳ ನಡುವೆ, ಸಂತೆಗೆ ಸೊಪ್ಪು ತರುವ ಓಬಳಮ್ಮ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಬಿಗೆ ತಲೆಯೊರಗಿಸಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಅವಳು ಏಳಲೇ ಇಲ್ಲ. ಚಿಂತಾಮಣಿಯಲ್ಲಿ ಮುನಿಶಾಮಪ್ಪ ತಟ್ಟಿ ಎಬ್ಬಿಸಿದಾಗ “ಆಗ್ಲೇ ಬಂದ್ಬಿಟ್ವಾ ನಾಯ್ನಾ?” ಎಂದಳು.

ಅವತ್ತು ಆವಲಪ್ಪ ಕಾಫಿ ಕುಡಿಯಲು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದೇ ಕುಳಿತಿದ್ದ. ಮಿಲಿಟರಿಯಲ್ಲಿ ಮುಂದಿನ ಲಾರಿ ಕಂದಕಕ್ಕೆ ಹೋದದ್ದನ್ನು ಕಣ್ಣಾರೆ ಕಂಡೂ ಹೆದರದಿದ್ದವನು ಅವನು. ಅವತ್ತಿನಿಂದ ಅವನಿಗೆ ಬೆಳಿಗ್ಗೆಯ ಊಟ ಸೇರುತ್ತಿರಲಿಲ್ಲ. ಮುದ್ದೆ ಮುರಿಯುವಾಗಲೇ ಕೆರೆ ಏರಿ ಕಣ್ಣ ಮುಂದೆ ಬರುತ್ತಿತ್ತು. ಆದರೂ ಬಸ್ಸು ಹೊರಟು ದಸ್ತಗಿರ್‌ನ ಧೂಳು ಕಂಡದ್ದೇ ಹಿಂದಿನಿಂದ ಕೂಗು ಏಳುತ್ತಿತ್ತು. ಕಾಲು ಅದರ ಪಾಡಿಗೆ ಆಕ್ಸಿಲರೇಟರ್ ಒತ್ತುತ್ತಿತ್ತು. ಜನರ ಕೂಗು ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗಿರುತ್ತಿತ್ತು.

ಒಂದು ದಿನ ಮಾವನಿಗೆ ಹೇಳಿ ನೋಡಿದ.

“ಮಾವ, ಸ್ವಲ್ಪ ದಿನ ಬೇರೆ ಯಾವುದಾದ್ರೂ ಲೈನಿಗೆ ಹಾಕಿ. ಈ ಲೈನು ಬ್ಯಾಸರ ಆಗೈತೆ.”

ಚೆನ್ನರಾಯಪ್ಪ ಹೊಟ್ಟೆ ಅಲ್ಲಾಡಿಸಿ ನಕ್ಕ. “ಬ್ಯಾಸರಾನಾ? ನಿನ್ನ ನಂಬಿ ನಾನು ಹೊಸಾ ಬಾಡಿ ಕಟ್ಟಿಸ್ತಾ ಇವ್ನಿ ಕಣಯ್ಯ. ಹೋಗು ಹೋಗು, ನಮ್ಮ ರತ್ನೀಗೆ ಒಂದು ಕೋಳಿ ಮಾಡಕ್ಕೇಳು.”

ಭಯವಾಗುತ್ತದೆ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಹೆಂಡತಿಯ ಮುಂದೆಯೂ ಬರಲಿಲ್ಲ. ಬಾವಿಯ ಹತ್ತಿರ ನೀರಿಗೆ ಹೋದಾಗ ಹೆಂಗಸರು ‘ಡ್ರೈವರಮ್ಮ’ ಎಂದು ದಾರಿ ಬಿಡುವುದನ್ನು ಅವಳು ಸಂಕೋಚದಿಂದಲೇ ಹೇಳಿಕೊಂಡಿದ್ದಳು. ಅದನ್ನು ಕೇಳಿದ ಮೇಲೆ ಏನೆಂದು ಹೇಳುವುದು?

ಐವತ್ತೇಳನೆಯ ಇಸವಿಯಲ್ಲಿರಬೇಕು, ಬೆಂಗಳೂರಿನ ಮೋಟರ್ ಪ್ರಿಯರ ಒಂದು ಕ್ಲಬ್ಬು ನಂದಿ ಬೆಟ್ಟಕ್ಕೆ ಕಾರು ಹತ್ತಿಸುವ ಪಂದ್ಯ ಇಟ್ಟಿತು. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಬರಬಹುದು ಎಂದು ಸುದ್ದಿ. ಚೆನ್ನರಾಯಪ್ಪನ ಬಳಿ ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದ ಹಳೆಯ ಫೋರ್ಡ್ ಇತ್ತು. ಅದರ ಎಂಜಿನ್ನು ಬಿಚ್ಚಿಸಿ, ತೊಳೆಸಿ, ಆವಲಪ್ಪನನ್ನು ಕೂರಿಸಿದ. ತನ್ನ ಸರ್ವಿಸ್ಸಿನ ಹೆಸರು ಬೆಂಗಳೂರಿನ ದೊಡ್ಡವರ ಬಾಯಲ್ಲಿ ಬರಬೇಕು ಎನ್ನುವುದು ಅವನ ಆಸೆ.

ಅಲ್ಲಿ ಒಂದು ಸಲಕ್ಕೆ ಒಂದೇ ಕಾರು. ಕೆಳಗೊಬ್ಬ ಬಾವುಟ ಬೀಸುತ್ತಾನೆ, ಮೇಲೊಬ್ಬ ಗಡಿಯಾರ ಹಿಡಿದಿರುತ್ತಾನೆ. ಆವಲಪ್ಪನ ಹಿಂದಿನ ಸೀಟನ್ನು ಭಾರ ಕಡಿಮೆಯಾಗಲೆಂದು ಕಿತ್ತು ಹಾಕಿದ್ದರು. ಮೊದಲ ತಿರುವಿನಲ್ಲಿ ಅಭ್ಯಾಸಬಲದಿಂದ ಕನ್ನಡಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಬರೀ ತಗಡು. ಅವನಿಗೆ ಒಂದು ಕ್ಷಣ ಗಾಡಿಯೇ ಗಾಳಿಯಲ್ಲಿ ಹೋಗುತ್ತಿದೆಯೇನೋ ಅನ್ನಿಸಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮರ ನೋಡಿ, ಮೋರಿ ನೋಡಿ, ತಡೆಗೋಡೆಯ ಕಲ್ಲು ನೋಡಿ ಗೇರು ಬದಲಿಸುತ್ತ ಹೋದ. ಇದು ಅವನಿಗೆ ಗೊತ್ತಿದ್ದ ವಿದ್ಯೆ. ಮೂರನೆಯವನಾಗಿ ಬಂದ. ಮೊದಲು ಬಂದವನು ಒಬ್ಬ ಕಾಫಿ ತೋಟದ ಯಜಮಾನ, ಅವನ ಕಾರು ಬೆಕ್ಕಿನಷ್ಟು ಹಗುರ.

ಚಿಕ್ಕಬಳ್ಳಾಪುರ ಹಬ್ಬ ಮಾಡಿತು. ಕೋನಪ್ಪನ ಹೋಟೆಲಿನಲ್ಲಿ ಹೊಸ ಜಗಳ ಹತ್ತಿತು.

“ಬೆಟ್ಟ ಹತ್ತೋದು ಏನ್ ಮಹಾ! ಒಬ್ನೇ ಹೋಗ್ತಾನೆ, ಎದುರಿಗೆ ಎತ್ತಿನ ಗಾಡಿ ಬರಲ್ಲ, ಎಮ್ಮೆ ಬರಲ್ಲ. ನಮ್ಮ ದಸ್ತಗಿರ್ ಮಾರ್ಕೆಟ್ ದಿನ ಶಿಡ್ಲಘಟ್ಟದ ಬಜಾರ್ ದಾಟಿಸ್ತಾನಲ್ಲ, ಅದು ಡ್ರೈವಿಂಗು” ಎಂದ ಒಬ್ಬ ರೀಲರ್.

“ಎಮ್ಮೆ ಅಡ್ಡ ಬಂದ್ರೆ ನಿಲ್ಲಿಸ್ಬೋದಪ್ಪ. ಗಡಿಯಾರ ನಿಲ್ಸಕ್ಕಾಗ್ತೈತಾ?” ಎಂದ ಒಬ್ಬ ರೈತ.

“ಏಮಯ್ಯಾ, ಇಬ್ರೂ ಒಂದೇ ಗಾಡೀಲಿ ಒಂದೇ ದಾರೀಲಿ ಹೋದ್ರೆ ತಾನೆ ಯಾರು ದೊಡ್ಡೋರು ಅಂತ ಗೊತ್ತಾಗೋದು?” ಎಂದ ಕೋನಪ್ಪ. ಎರಡೂ ಪಕ್ಷದವರು ಇನ್ನೊಂದು ಕಾಫಿ ತರಿಸಿಕೊಂಡು ಮೊದಲಿನಿಂದ ಶುರುಮಾಡಿದರು.

ಮುಂದಿನ ವರ್ಷ ಯಲಹಂಕದ ಏರೋಡ್ರೋಮಿನ ಬಯಲಿನಲ್ಲಿ ಕಾರುಗಳೆಲ್ಲ ಒಟ್ಟಿಗೆ ಓಡುವ ಪಂದ್ಯ. ಚೆನ್ನರಾಯಪ್ಪ ಎರಡು ಬಸ್ಸಿನ ತುಂಬ ಜನ ಕರೆದುಕೊಂಡು ಹೋದ. ಬೆಟ್ಟದಲ್ಲಿ ಮೂರನೆಯವನಾದವನು ಇಲ್ಲಿ ಗೆದ್ದೇ ಗೆಲ್ಲುತ್ತಾನೆ ಎಂದು ಎಲ್ಲರ ಲೆಕ್ಕ.

ಆವಲಪ್ಪನಿಗೆ ಏನೂ ತೋಚಲಿಲ್ಲ. ಕಣ್ಣು ಹಾಯುವಷ್ಟು ದೂರ ಸಿಮೆಂಟು. ಮರವಿಲ್ಲ, ಮೋರಿಯಿಲ್ಲ, ಹುಣಿಸೆ ಬೇರಿನ ಉಬ್ಬಿಲ್ಲ. ತಾನೆಷ್ಟು ವೇಗದಲ್ಲಿ ಹೋಗುತ್ತಿದ್ದೇನೆಂದು ಅಳೆಯುವುದಕ್ಕೆ ಏನೂ ಇಲ್ಲ. ಹುಲ್ಲಿನ ಪೆಂಡಿ, ತಾರಿನ ಡ್ರಮ್ಮು ಇಟ್ಟು ತಿರುವು ಮಾಡಿದ್ದರು. ಮೊದಲನೆಯ ತಿರುವಿನಲ್ಲೇ ಬ್ರೇಕು ತಡವಾಗಿ, ಫೋರ್ಡ್ ಬುಗುರಿಯಂತೆ ತಿರುಗಿ, ಒಂದು ಡ್ರಮ್ಮಿಗೆ ಗುದ್ದಿ ಹಿಂದುಮುಂದಾಗಿ ನಿಂತಿತು. ಧೂಳು ಇಳಿಯಿತು. ಏನೂ ಆಗಿರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ತಪ್ಪು ಮಾಡಿದರೂ ಯಾರೂ ಸಾಯದ ಒಂದು ಜಾಗ ಭೂಮಿಯ ಮೇಲೆ ಇದೆಯೆಂದು ಅವನಿಗೆ ಅವತ್ತು ತಿಳಿಯಿತು. ಕಾರಿನೊಳಗೆ ಒಬ್ಬನೇ ಗಟ್ಟಿಯಾಗಿ ನಕ್ಕ. ಮತ್ತೆ ಹೊರಟು, ಕೊನೆಯವರಲ್ಲಿ ಒಬ್ಬನಾಗಿ ಮುಗಿಸಿದ. ಎಷ್ಟೋ ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಉಸಿರಾಡಿರಲಿಲ್ಲ.

ಅವತ್ತು ಗೆದ್ದವನು ಬೆಂಗಳೂರಿನ ಒಂದು ಗ್ಯಾರೇಜಿನ ಆಂಗ್ಲೋ ಇಂಡಿಯನ್. ನಂದಿಯಲ್ಲಿ ಆವಲಪ್ಪನಿಗಿಂತ ಎಷ್ಟೋ ಹಿಂದೆ ಬಿದ್ದಿದ್ದವನು. ನೀರು ಕುಡಿಯುತ್ತ ಅವನೇ ಬಂದು ಮಾತಾಡಿಸಿದ.

“ಬೆಟ್ಟದಲ್ಲಿ ನಿನ್ನ ಸಮ ಬರೋಕೆ ನನಗೆ ಆಗಲ್ಲ ಮ್ಯಾನ್. ನೀನು ರೋಡ್ ನೋಡ್ತೀಯ. ಇಲ್ಲಿ ರೋಡ್ ಎಲ್ಲಿದೆ? ಇಲ್ಲಿ ಪಕ್ಕದವನನ್ನ ನೋಡ್ಬೇಕು. ಅವನು ಬ್ರೇಕ್ ಹಾಕ್ತಾನೋ ಇಲ್ಲವೋ ಅವನ ಭುಜ ಹೇಳುತ್ತೆ.”

“ನೀವು ಬಸ್ಸು ಬಿಟ್ಟಿದ್ದೀರಾ ಸಾರ್?”

“ಬಸ್ಸಾ? ಅಯ್ಯೋ ಬೇಡಪ್ಪ. ಹಿಂದೆ ಜನ ಕೂತ್ಕೊಂಡ್ರೆ ನನಗೆ ಕೈ ಬರಲ್ಲ.”

ಆವಲಪ್ಪನಿಗೆ ಅವನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ತನ್ನ ಭಯಕ್ಕೆ ಒಂದು ಹೆಸರು ಸಿಕ್ಕಿದ ಹಾಗಾಯಿತು. ತಾನು ಹೆದರುಪುಕ್ಕಲನಲ್ಲ. ಒಬ್ಬನೇ ಇದ್ದರೆ ಇಲ್ಲದ ಭಯ ಅದು.

ಗೊತ್ತಾಗಿ ಏನು ಮಾಡುವುದು? ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದರೆ ಬಸ್ಸಿನ ನೆತ್ತಿಯ ಮೇಲೆ ಪೇಂಟರು ಕುಳಿತಿದ್ದ. ಹಳದಿ ಅಕ್ಷರದಲ್ಲಿ ‘ರೇಸ್ ಡ್ರೈವರ್ ಆವಲಪ್ಪ’ ಎಂದು ಬರೆದು, ಪಕ್ಕದಲ್ಲಿ ಓಡುವ ಕುದುರೆ ಬಿಡಿಸುತ್ತಿದ್ದ.

“ಸೋತ್ರೂ ಬೋರ್ಡಾ ಮಾವ?”

“ಸೋತಿದ್ದು ಯಾರಿಗೆ ಗೊತ್ತು? ಹೋಗಿದ್ದು ಎಲ್ರಿಗೂ ಗೊತ್ತು” ಎಂದ ಚೆನ್ನರಾಯಪ್ಪ.

ಈಗ ಜನ ಊರಿಗೆ ಹೋಗುವುದಕ್ಕೆ ಮಾತ್ರ ಹತ್ತುತ್ತಿರಲಿಲ್ಲ, ರೇಸು ನೋಡುವುದಕ್ಕೇ ಹತ್ತುತ್ತಿದ್ದರು. ಚಿಂತಾಮಣಿಯ ಸ್ಕೂಲು ಹುಡುಗರು, ಕೈವಾರಕ್ಕೆ ಹೊರಟ ಯಾತ್ರಿಕರು, ಕೈಯಲ್ಲಿ ಕೂಸಿರುವ ಹೆಂಗಸರು. ಟಾಪಿನ ಮೇಲೆ ಗೂಡಿನ ಕುಕ್ಕೆಗಳು. ನಿಧಾನ ಮಾಡಿದರೆ “ಏನಪ್ಪಾ ರೇಸ್ ಡ್ರೈವರು, ನಿದ್ದೇನಾ?” ಎಂದು ಹಿಂದಿನಿಂದ ನಗು. ಆವಲಪ್ಪನಿಗೆ ಸೀಟಿನ ಹಿಂದಿನ ಕಂಬಿ ಜೈಲಿನ ಸರಳಿನಂತೆ ಕಾಣತೊಡಗಿತು.

ಒಂದು ಶುಕ್ರವಾರ ಮಧ್ಯಾಹ್ನ ಅವನು ಯಾರಿಗೂ ಹೇಳದೆ ಶಿಡ್ಲಘಟ್ಟದಲ್ಲಿ ದಸ್ತಗಿರ್‌ನ ಮನೆ ಹುಡುಕಿಕೊಂಡು ಹೋದ. ಬೀದಿಯ ತುಂಬ ಗೂಡು ಬೇಯಿಸುವ ವಾಸನೆ, ರಾಟೆಗಳ ಸದ್ದು. ಬಾಗಿಲು ತೆಗೆದ ದಸ್ತಗಿರ್ ಇವನನ್ನು ಕಂಡು ಹೌಹಾರಿ, ಬೀದಿಯ ಎರಡೂ ಕಡೆ ನೋಡಿ, ಸರಕ್ಕನೆ ಒಳಗೆಳೆದುಕೊಂಡ.

“ಏನಾಯ್ತು? ಯಾರಾದ್ರೂ ಹೋದ್ರಾ?”

“ಯಾರೂ ಹೋಗಿಲ್ಲ. ಹೋಗೋದ್ರೊಳಗೆ ಬಂದೆ” ಎಂದ ಆವಲಪ್ಪ. “ದಸ್ತಗಿರ್ ಸಾಬ್ರೇ, ನನಗೆ ಭಯ ಆಗ್ತೈತೆ.”

ಅದನ್ನು ಜೀವಮಾನದಲ್ಲಿ ಮೊದಲ ಸಲ ಹೇಳಿದ್ದು ಎದುರಾಳಿಯ ಮುಂದೆ. ದಸ್ತಗಿರ್ ಚಾಪೆ ಬಿಡಿಸಿ ಅವನನ್ನು ಕೂರಿಸಿದ. ಪರದೆಯ ಹಿಂದಿನಿಂದ ಅವನ ಹೆಂಡತಿ ವಜೀರುನ್ನೀಸಾಳ ಬಳೆಯ ಸದ್ದು ಕೇಳಿತು, ಚಾ ಬಂತು.

“ನನ್ನ ಬೀವಿ ರೋಜ್ ದುವಾ ಮಾಡ್ತಾಳೆ,” ಎಂದ ದಸ್ತಗಿರ್. “ನಾನು ಗೆಲ್ಲಲಿ ಅಂತ ಅಲ್ಲ. ನೀವು ಆ ದಿನ ಡ್ಯೂಟಿಗೆ ಬರದೇ ಇರಲಿ ಅಂತ.”

ಪರದೆಯ ಹಿಂದಿನಿಂದ ದನಿ ಬಂತು. “ಅರೆ, ಅವರಿಗೆ ಯಾಕೆ ಹೇಳ್ತೀರಿ ಅದನ್ನ!”

ಇಬ್ಬರೂ ನಕ್ಕುಬಿಟ್ಟರು.

“ನಿಲ್ಲಿಸಿಬಿಡಣ” ಎಂದ ಆವಲಪ್ಪ.

“ಹೆಂಗೆ ನಿಲ್ಲಿಸೋದು? ನಾನು ನಿಧಾನ ಹೋದ್ರೆ ನಾಳೆ ನನ್ನ ಸೀಟಲ್ಲಿ ಇನ್ನೊಬ್ಬ. ಅವನು ನನಗಿಂತ ಜೋರು ಹೋಗ್ತಾನೆ. ನಿಮಗಾದ್ರೂ ಯಜಮಾನರು ಹೆಂಡ್ತಿಯ ಸೋದರಮಾವ.”

“ಅದೇ ತಾನೆ ಸಾಬ್ರೇ ಕಷ್ಟ.”

ಕಡೆಗೆ ದಾರಿ ಸಿಕ್ಕಿದ್ದು ದಸ್ತಗಿರ್‌ಗೆ. ಜನಕ್ಕೆ ಬೇಕಾದ್ದು ರೇಸು ತಾನೆ, ರೇಸೇ ಕೊಡೋಣ ಎಂದ. ದಾರಿಯಲ್ಲಿ ಅಗಲವಾದ, ಎದುರಿನಿಂದ ಬರುವುದೆಲ್ಲ ದೂರದಿಂದಲೇ ಕಾಣುವ ಮೂರು ಬಯಲು ಜಾಗ ಗೊತ್ತುಮಾಡಿದರು. ದಾಟುವುದು ಅಲ್ಲಿ ಮಾತ್ರ. ಒಂದು ವಾರ ನಾನು ಮುಂದೆ, ಒಂದು ವಾರ ನೀನು ಮುಂದೆ. ಕೆರೆ ಏರಿಯ ಮೇಲೆ, ಊರುಗಳೊಳಗೆ, ಏನೇ ಆಗಲಿ, ಹಿಂದಿನವನು ಹಿಂದೆಯೇ.

ಹಾಗೆ ಶುರುವಾದ ಸುಳ್ಳು ರೇಸು ಮೂರು ನಾಲ್ಕು ವರ್ಷ ನಡೆಯಿತು. ನಿಜವಾದ ರೇಸಿಗಿಂತ ಇದು ಕಷ್ಟದ ಕೆಲಸ. ಎಂಜಿನ್ನನ್ನು ಸಣ್ಣ ಗೇರಿನಲ್ಲಿಟ್ಟು ಕಿರುಚಿಸಬೇಕು, ವೇಗ ಹೆಚ್ಚಬಾರದು. ಕಿಟಕಿಯವರು ಚೀರುವಷ್ಟು ಹತ್ತಿರ ಬರಬೇಕು, ತಾಕಬಾರದು. ಸೈಡ್ ಕೊಡದವನಂತೆ ಅಡ್ಡಡ್ಡ ಆಡಿ, ಸರಿಯಾದ ಜಾಗದಲ್ಲಿ ಸೋತವನಂತೆ ಬಿಡಬೇಕು. ಒಬ್ಬನ ಕಾಲಿನ ಅಂದಾಜು ಇನ್ನೊಬ್ಬನಿಗೆ ತನ್ನ ಕಾಲಿನಷ್ಟೇ ಗೊತ್ತಿರಬೇಕು. ಜನ ಮೈಮರೆತು ಕೂಗುತ್ತಿದ್ದರು. ಅವತ್ತಿನ ರೇಸು ಹೀಗಿತ್ತು, ಹಾಗಿತ್ತು ಎಂದು ಕೋನಪ್ಪನ ಬೆಂಚುಗಳ ಮೇಲೆ ಸಂಜೆಯವರೆಗೂ ಬಣ್ಣನೆ.

ಆದರೆ ಅದೂ ಒಂದು ಬಂಧನವೇ ಆಯಿತು. ಜನರ ಮುಂದೆ ಅವರಿಬ್ಬರೂ ಹಗೆಗಳಾಗಿಯೇ ಇರಬೇಕಿತ್ತು. ಚಿಂತಾಮಣಿ ಸ್ಟ್ಯಾಂಡಿನಲ್ಲಿ ಎದುರೆದುರು ಬಂದರೆ ಮುಖ ತಿರುಗಿಸಬೇಕು. ದಸ್ತಗಿರ್ ತನ್ನ ಹಿರಿಯ ಮಗಳ ಮದುವೆಗೆ ಕರೆಯುವ ಹಾಗಿರಲಿಲ್ಲ, ಕರೆದರೂ ಆವಲಪ್ಪ ಹೋಗುವ ಹಾಗಿರಲಿಲ್ಲ. ಮದುವೆಯ ಸಂಜೆ ಆವಲಪ್ಪ ಬಸ್ಸು ನಿಲ್ಲಿಸಿಕೊಂಡು, ಬೀದಿಯ ಕೊನೆಯಲ್ಲಿ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪಗಳನ್ನು ದೂರದಿಂದ ನೋಡಿದ. “ಏನ್ ಬಾವ, ಆ ಕಡೆ ನೋಡ್ತಿದ್ದೀಯ?” ಎಂದು ಮುನಿಶಾಮಪ್ಪ ಕೇಳಿದ್ದಕ್ಕೆ, “ಶತ್ರು ಮನೇಲಿ ಬಿರಿಯಾನಿ ವಾಸನೆ ಜೋರಾಗಿ ಬರ್ತೈತೆ” ಎಂದು ನಕ್ಕು ಹೊರಟ. ಜಗತ್ತಿನಲ್ಲಿ ತನ್ನ ಒಳಗನ್ನು ತಿಳಿದ ಒಬ್ಬನೇ ಮನುಷ್ಯನ ಜೊತೆ ಮಾತಾಡುವ ಹಾಗಿಲ್ಲದೆ ದಿನವೂ ಅವನ ಹಿಂದೆಯೋ ಮುಂದೆಯೋ ಓಡುವುದು ಎಂಥ ಬಾಳು!

ಅರವತ್ತೆರಡರ ಮಳೆಗಾಲ ಮುಗಿಯುತ್ತಿತ್ತು. ದಸ್ತಗಿರ್‌ಗೆ ಕಾಮಾಲೆಯಾಯಿತು. ಒಂದು ಬೆಳಿಗ್ಗೆ ಅವನ ಬಸ್ಸಿನಲ್ಲಿ ರಾಮಾಂಜಿನಪ್ಪ ಎಂಬ ಹೊಸ ಹುಡುಗ ಕುಳಿತಿದ್ದ. ಬಾಗೇಪಲ್ಲಿ ಕಡೆಯವನು, ಲಾರಿ ಬಿಟ್ಟು ಬಂದವನು. ರೇಸ್ ಡ್ರೈವರನ್ನು ಹೊಡೆಯಬೇಕೆಂಬ ಒಂದೇ ಹುಮ್ಮಸ್ಸು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಒಪ್ಪಂದದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಒಬ್ಬ ಹಾಸಿಗೆ ಹಿಡಿದಿದ್ದ.

ಆವಲಪ್ಪ ಬುದ್ಧಿವಂತಿಕೆಯಿಂದ ಮೊದಲನೆಯ ಬಯಲಿನಲ್ಲೇ ದಾರಿ ಬಿಟ್ಟ. ಆದರೆ ಎದುರಿಗೊಂದು ಲಾರಿ ಬಂದು ಹುಡುಗ ದಾಟಲಾಗಲಿಲ್ಲ. ಎರಡನೆಯದರಲ್ಲಿ ಕುರಿಮಂದೆ. ಶಿಡ್ಲಘಟ್ಟದಲ್ಲಿ ಬೇಕೆಂದೇ ತಡಮಾಡಿ, ಅವನು ಮುಂದೆ ಹೋಗಲೆಂದು ಕಾದ. ಚೆನ್ನರಾಯಪ್ಪನ ಕಡೆಯ ಏಜೆಂಟನೊಬ್ಬ ಓಡಿಬಂದು “ಏನಾಗೈತೋ ನಿನಗೆ, ಹೊರಡೋ!” ಎಂದು ಬಾಗಿಲು ಬಡಿದ. ಮುನಿಶಾಮಪ್ಪ ‘ರೈಟ್’ ಎಂದ. ಹೊರಟ.

ಕೆರೆ ಏರಿಯ ಮೇಲೆ ಅರ್ಧ ದಾರಿ ಹೋಗಿದ್ದಾಗ ಹಾರನ್ನು ಕಿವಿಯ ಪಕ್ಕದಲ್ಲೇ ಕೇಳಿತು. ತಿರುಗಿದರೆ ರಾಮಾಂಜಿನಪ್ಪನ ಬಸ್ಸು ಬಲಗಡೆ, ನೀರಿನ ಕಡೆ, ಸಮಸಮನಾಗಿ ಬರುತ್ತಿದೆ. ಕೆರೆ ತುಂಬಿತ್ತು. ಮುಂದೆ ಏರಿಯ ತುದಿಯಿಂದ ಒಂದು ಹುಲ್ಲಿನ ಗಾಡಿ ಆಗಲೇ ಹತ್ತಿ ಬಂದಿತ್ತು. ಎರಡೂ ಬಸ್ಸಿನ ಜನ ಕಿಟಕಿಯಿಂದ ಕೈ ಚಾಚಿ ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು.

ಆವಲಪ್ಪ ಪಕ್ಕಕ್ಕೆ ನೋಡಿದ. ಹುಡುಗನ ಭುಜ ಮುಂದಕ್ಕೆ ಬಾಗಿತ್ತು. ಇವನು ಬ್ರೇಕ್ ಹಾಕುವವನಲ್ಲ; ಹಾಕಿದರೂ ಗಾಬರಿಯಲ್ಲಿ ಕೊನೆಗಳಿಗೆಯಲ್ಲಿ ಹಾಕಿ ನೀರಿಗೆ ಹೋಗುವವನು. ತಾನು ಹಿಂದೆ ಬೀಳುವಷ್ಟು ಜಾಗ ಉಳಿದಿಲ್ಲ. ಎಡಗಡೆ ಏರಿಯ ಇಳಿಜಾರು, ಕೆಳಗೆ ಭತ್ತದ ಗದ್ದೆ, ನಡುವೆ ಒಂದೆರಡು ಹೊಂಗೆ ಮರ.

“ಹಿಡ್ಕಳ್ರೀ!” ಎಂದು ಕೂಗಿ ಆವಲಪ್ಪ ಸ್ಟೇರಿಂಗ್ ಎಡಕ್ಕೆ ತಿರುಗಿಸಿದ.

ನೆಟ್ಟಗೆ ಇಳಿಸಿದರೆ ಗಾಡಿ ಮಗುಚುವುದಿಲ್ಲ ಎಂದು ಅವನ ಕೈಗೆ ಗೊತ್ತಿತ್ತು. ಇಳಿಸಿದ. ಮಣ್ಣು, ಹುಲ್ಲು, ಆಕಾಶ ಒಂದಾದವು. ಹೊಂಗೆ ಮರವೊಂದು ಮುಂಭಾಗಕ್ಕೆ ಬಂದು ಕೂತಿತು. ಮುಂದಿನ ಚಕ್ರಗಳು ಗದ್ದೆಯ ಕೆಸರಿನಲ್ಲಿ ಹೂತು, ಬಸ್ಸು ಒಂದು ಕಡೆಗೆ ವಾಲಿ ನಿಂತಿತು. ಮೇಲೆ ರಾಮಾಂಜಿನಪ್ಪನ ಬಸ್ಸು ಹುಲ್ಲಿನ ಗಾಡಿಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು ಹೋದ ಸದ್ದು ಕೇಳಿಸಿತು.

ಸ್ಟೇರಿಂಗ್ ಆವಲಪ್ಪನ ಎದೆಗೆ ಒತ್ತಿಕೊಂಡಿತ್ತು. ಬಲಗಾಲು ತಗಡಿನ ಕೆಳಗೆ ಸಿಕ್ಕಿಕೊಂಡಿತ್ತು. ಅಲ್ಲಾಡುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ, ಕನ್ನಡಿ ಒಡೆದಿತ್ತು. ಹಿಂದೆ ಅಳು, ಕಿರುಚಾಟ, ಕಿಟಕಿಯಿಂದ ಹಾರುವವರ ಸದ್ದು. ಅವನು ಕಿವಿಯನ್ನೇ ಕಣ್ಣು ಮಾಡಿಕೊಂಡು ಒಂದೊಂದು ದನಿಯನ್ನೂ ಹಿಡಿಯುತ್ತಿದ್ದ. ಮಗು ಅಳುತ್ತಿದೆ, ಸರಿ. ಯಾರೋ ಮುದುಕ ನರಳುತ್ತಿದ್ದಾನೆ, ಸರಿ. ಮುನಿಶಾಮಪ್ಪ “ಕೈ ಮುರೀತು” ಎನ್ನುತ್ತಿದ್ದಾನೆ, ಸರಿ.

“ಎಲ್ಲಾ ಇದ್ದಾರೇನೋ ಮುನಿಶಾಮಿ?” ಎಂದು ಕೇಳಿದ. ದನಿ ಹೊರಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ.

ಆಗ ಹೊರಗೆ ಗದ್ದೆಯಲ್ಲಿ ನಿಂತ ಗಂಡಸೊಬ್ಬನ ಮಾತು ಸ್ಪಷ್ಟವಾಗಿ ಕೇಳಿಸಿತು.

“ಥೂ! ಸೈಡ್ ಕೊಟ್ಟುಬಿಟ್ನಲ್ಲೋ. ಹೊಸಾ ಹುಡುಗನಿಗೆ ಸೈಡ್ ಕೊಟ್ಟುಬಿಟ್ಟ!”

ಊರಿನವರು ಹಾರೆ ತಂದು ತಗಡು ಬಗ್ಗಿಸಿ ಅವನನ್ನು ಎಳೆಯುವವರೆಗೂ ಆ ಮಾತು ಅವನ ತಲೆಯೊಳಗೆ ಸುತ್ತುತ್ತಿತ್ತು. ಯಾರೂ ಸತ್ತಿರಲಿಲ್ಲ. ಅದನ್ನು ತಿಳಿದ ಮೇಲೆಯೇ ಅವನು ಎಚ್ಚರ ತಪ್ಪಿದ್ದು.

ಆಸ್ಪತ್ರೆಗೆ ಚೆನ್ನರಾಯಪ್ಪ ಬಂದ. ಮಂಚದ ಪಕ್ಕ ನಿಂತು, ಕಾಲಿನ ಕಟ್ಟು ನೋಡಿ, ತಲೆ ಕೆರೆದುಕೊಂಡ.

“ಮರ್ಯಾದೆ ಹೋಯ್ತಲ್ಲಯ್ಯ. ಆಗ್ಲಿ. ಗಾಡಿ ರಿಪೇರಿ ಆಗೋದ್ರೊಳಗೆ ನೀನೂ ಎದ್ದು ಬಾ. ಬೋರ್ಡು ಇನ್ನೂ ದೊಡ್ಡದಾಗಿ ಬರೆಸ್ತೀನಿ. ಸೋತೋನು ಮತ್ತೆ ಬಂದ ಅಂದ್ರೆ ಜನ ಹತ್ತು ಪಾಲು ಹತ್ತುತಾರೆ.”

ಆವಲಪ್ಪ ಗೋಡೆಯ ಕಡೆ ತಿರುಗಿದ. ಸೂರಿನ ಜಂತೆಗಳು ಕೆಳಗಿಳಿದು ಬಂದು ಎದೆಯ ಮೇಲೆ ಕೂತ ಹಾಗಾಯಿತು. ಅಣ್ಣ ಬಯ್ಯಪ್ಪನೂ ನೋಡಲು ಬಂದಿದ್ದ; ಹಳ್ಳಿಗೆ ಬಾ ಎನ್ನುವ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿ ಹೋಗಿದ್ದ.

ಯಜಮಾನ ಹೋದ ಮೇಲೆ ವೆಂಕಟರತ್ನಮ್ಮ ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದಳು. “ಬ್ಯಾಡ ಅಂತ ಯಾಕೆ ಹೇಳ್ಲಿಲ್ಲ ನೀವು?”

“ಹೆಂಗೆ ಹೇಳೋದು? ನಿನ್ನ ಮಾವ, ನಿನ್ನ ತಮ್ಮ, ನಿನ್ನ ಮನೆ...” ಎಂದವನು ಅರ್ಧದಲ್ಲಿ ನಿಲ್ಲಿಸಿ, “ನನಗೆ ಭಯ ಕಣೇ” ಎಂದ.

“ಗೊತ್ತು.”

“ಏನು ಗೊತ್ತು?”

“ಬೆಳಿಗ್ಗೆ ಇಟ್ಟ ಮುದ್ದೆ ಇಟ್ಟಂಗೇ ಇರ್ತಿತ್ತಲ್ಲ, ಅದನ್ನ ಎಮ್ಮೆಗೆ ಹಾಕ್ತಿದ್ದೋಳು ನಾನಲ್ವಾ? ನೀವೇ ಹೇಳಲಿ ಅಂತ ಕಾಯ್ತಿದ್ದೆ. ನಾನು ಕೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತೈತೆ ಅಂತ ಸುಮ್ನಿದ್ದೆ. ತಪ್ಪು ಮಾಡಿದೆ.”

ಅವಳು ಅವತ್ತು ಸಂಜೆಯೇ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಹೋದಳು. ಬೆತ್ತದ ಕುರ್ಚಿಯ ಮುಂದೆ ನಿಂತು ಏನು ಹೇಳಿದಳೆಂದು ಆವಲಪ್ಪನಿಗೆ ಪೂರ್ತಿ ತಿಳಿಯಲಿಲ್ಲ. ಮುನಿಶಾಮಪ್ಪ ಕಟ್ಟಿದ ಕೈ ಹಿಡಿದುಕೊಂಡು ಬಂದು ಇಷ್ಟು ಹೇಳಿದ. “ಅಕ್ಕ ಮಾವನ ಮ್ಯಾಲೆ ಎಗರಾಡಿಬಿಟ್ಲು. ‘ನನ್ನ ತಾಳಿ ಕಟ್ಸಿದ್ದೂ ನೀನೇ, ಅದನ್ನ ಕೀಳೋಕೆ ಬೋರ್ಡು ಬರೆಸ್ತಿರೋನೂ ನೀನೇ. ಅವರನ್ನ ಮತ್ತೆ ಆ ಲೈನಿಗೆ ಹಾಕಿದ್ರೆ ನಾನು ಬಸ್ಸಿನ ಮುಂದೆ ಮಲಕ್ಕಂತೀನಿ’ ಅಂದ್ಲು. ಮಾವ ಎದ್ದು ಒಳಗೆ ಹೋಗ್ಬಿಟ್ಟ ಬಾವ.”

ಕಾಲು ಕೂಡಿಕೊಂಡಿತಾದರೂ ಸ್ವಲ್ಪ ಎಳೆದು ನಡೆಯುವಂತಾಯಿತು. ಚೆನ್ನರಾಯಪ್ಪ ಅವನನ್ನು ಮಂಚೇನಹಳ್ಳಿಯಿಂದ ಗೌರಿಬಿದನೂರಿನ ರೈಲು ನಿಲ್ದಾಣಕ್ಕೆ ಹೋಗಿಬರುವ ಹಳೆಯ ಬಸ್ಸಿಗೆ ಹಾಕಿದ. ಆ ದಾರಿಯಲ್ಲಿ ಬೇರೆ ಕಂಪನಿಯ ಬಸ್ಸಿರಲಿಲ್ಲ. ಮಾವ ಮಾತು ಬಿಟ್ಟ. ಹೆಂಚಿನ ಮನೆ ಖಾಲಿ ಮಾಡಿಸಿದ. ಗೌರಿಬಿದನೂರಿನಲ್ಲಿ ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆ ಹಿಡಿದರು. ಮೊದಮೊದಲು ಹತ್ತುವವರು “ಇವನೇ ಅಂತೆ ರೇಸ್ ಡ್ರೈವರು, ಕೆರೆ ಏರಿಯಿಂದ ಇಳಿಸಿದೋನು” ಎಂದು ಪಿಸುಗುಟ್ಟುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ಈ ಬಸ್ಸಿನಲ್ಲಿಯೂ ಅದೇ ಕಂಬಿ, ಅದೇ ಸೀಟು, ಹಿಂದೆ ಅಷ್ಟೇ ಜನ. ಎಷ್ಟು ನಿಧಾನ ಹೋದರೂ ಅವರ ಭಾರ ಬೆನ್ನಿನಿಂದ ಇಳಿಯಲಿಲ್ಲ. ಆದರೆ ಬೆಳಿಗ್ಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತು.

ಎರಡು ಮೂರು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಗೌರಿಬಿದನೂರಿನಲ್ಲಿ ರೈಲು ಇಳಿದ ಜನದ ನಡುವೆ ತೆಳ್ಳಗಿನ ಎತ್ತರದ ಮನುಷ್ಯನೊಬ್ಬ ಬುರ್ಖಾ ತೊಟ್ಟ ಹೆಂಗಸಿನ ಜೊತೆ ಬಂದ. ದಸ್ತಗಿರ್ ಇನ್ನೂ ಸೊರಗಿದ್ದ. ವಜೀರುನ್ನೀಸಾಳನ್ನು ಹಿಂದೆ ಹೆಂಗಸರ ಸೀಟಿನಲ್ಲಿ ಕೂರಿಸಿ, ಎಲ್ಲರೂ ನೋಡುತ್ತಿರುವಂತೆಯೇ ಬಂದು ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತ.

“ಎಲ್ಲಿಗೆ ಸಾಬ್ರೇ?”

“ಹಿಂದೂಪುರದಿಂದ ಬಂದ್ವಿ, ಎರಡನೇ ಮಗಳ ಮನೆಯಿಂದ. ಮಂಚೇನಹಳ್ಳೀಲಿ ನನ್ನ ತಮ್ಮ ಇದ್ದಾನೆ.” ಸ್ವಲ್ಪ ತಡೆದು, “ನನ್ನ ಲೈನು ಬಿಟ್ಟೆ ಭಾಯ್. ಕಣ್ಣು ಮಂಜು. ಈಗ ಗೂಡಿನ ಮಾರ್ಕೆಟ್‌ನಲ್ಲಿ ತೂಕ ನೋಡ್ತೀನಿ. ರಾಮಾಂಜಿನಪ್ಪ ಇನ್ನೂ ಅದೇ ಬಸ್ಸು ಬಿಡ್ತಾನೆ.”

“ಅವನ ಜೊತೆ ಈಗ ಯಾರು ರೇಸು?”

“ನಿಮ್ಮ ಮಾವ ಯಾರೋ ಹೊಸಬನ್ನ ಹಾಕಿದ್ದಾರೆ. ಒಳ್ಳೆ ಹುಡುಗ. ಕೋನಪ್ಪನ ಹೋಟೆಲಲ್ಲಿ ತಿಂಡಿ ಮುಟ್ಟದೆ ಎದ್ದು ಹೋಗಿದ್ದು ನಾನು ನೋಡ್ದೆ.”

ಕಂಡಕ್ಟರು ‘ರೈಟ್’ ಎಂದ. ಬಸ್ಸು ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ರೈಲ್ವೆ ಗೇಟು ಮುಚ್ಚಿತ್ತು, ಗೂಡ್ಸು ರೈಲೊಂದು ನಿಧಾನವಾಗಿ ಎಳೆದುಕೊಂಡು ಹೋಗುತ್ತಿತ್ತು. ಆವಲಪ್ಪ ಎಂಜಿನ್ನು ಆರಿಸಿದ.

“ನಮ್ಮ ಹಿರೀ ಮಗಳ ಶಾದಿಗೆ ಆಗ ನಿಮಗೆ ಊಟ ಹಾಕಕ್ಕಾಗ್ಲಿಲ್ಲ,” ಎಂದ ದಸ್ತಗಿರ್. “ಬೀವಿ ಇವತ್ತೂ ಅದನ್ನೇ ಹೇಳ್ತಾಳೆ.”

“ಬರ್ತೀನಿ ಬಿಡಿ. ರತ್ನಮ್ಮನ್ನೂ ಕರ್ಕೊಂಡು ಬರ್ತೀನಿ.”

“ಹಗಲು ಹೊತ್ತೇ ಬನ್ನಿ, ಬೀದಿಯೋರೆಲ್ಲ ನೋಡ್ಲಿ” ಎಂದ ದಸ್ತಗಿರ್. ಗೇಟು ತೆರೆಯುವವರೆಗೂ ಇಬ್ಬರೂ ರೈಲಿನ ಡಬ್ಬಿಗಳನ್ನು ನೋಡುತ್ತ ಕುಳಿತರು.